ಕುದುರೆ ಬೇಲಿ ಮೇಯುತ್ತಿದೆಯಾ? ಹುಲ್ಲು, ತಂತಿ, ಪೈಪು, ಖಾರ: ಯಾವುದಕ್ಕೆ ದುಡ್ಡು ಹಾಕಬೇಕು

ಬೇಲಿಯೇ ಎದ್ದು ಹೊಲ ಮೇಯ್ದ ಗಾದೆ ಎಲ್ಲರಿಗೂ ಗೊತ್ತು. ನಮ್ಮಲ್ಲಿ ಹೊಲ ಮೇಯಬೇಕಾದವರು ಬೇಲಿ ಮೇಯ್ದರು.

ನಮ್ಮ ತೋಟ ಕನಕಪುರದ ಕಡೆ. ಸುತ್ತ ಕಲ್ಲುಕಂಬ, ಕಂಬದಿಂದ ಕಂಬಕ್ಕೆ ನೀಲಗಿರಿ ಗಳ. ಹಸುವಿಗೆ ಇಷ್ಟು ಧಾರಾಳ ಸಾಕು. ಕುದುರೆಗೂ ಸಾಕು ಅಂದುಕೊಂಡು ಎರಡನ್ನು ತಂದೆವು. ಒಂದು ರೇಸ್ ಓಡಿ ಮುಗಿಸಿದ ಥರೋಬ್ರೆಡ್ ಗಂಡು, ರಾಜ. ಇನ್ನೊಂದು ಕಾಠಿಯಾವಾಡಿ ಹೆಣ್ಣು, ಚುಕ್ಕಿ. ಮೊದಲ ಮಳೆಗಾಲ ಮುಗಿಯುವ ಹೊತ್ತಿಗೆ ಮೇಲಿನ ಗಳಗಳೆಲ್ಲ ನಡುವೆ ಸವೆದು ಡಮರುಗದ ಹಾಗೆ ಆಗಿದ್ದವು. ಲಾಯದ ಬಾಗಿಲಿನ ಮೇಲಂಚು ಇಲಿ ಕಡಿದ ರೊಟ್ಟಿಯಂತಿತ್ತು. ಕಲ್ಲುಕಂಬಗಳು ಮಾತ್ರ ಹಾಗೇ ನಿಂತಿದ್ದವು.

ಆಮೇಲೆ ಸಲಹೆಗಳು ಶುರುವಾದವು. ಖಾರದಪುಡಿ ಕಲಸಿ ಬಳಿ ಅಂದರು ಒಬ್ಬರು. ಗ್ಯಾರೇಜಿನ ಸುಟ್ಟ ಆಯಿಲ್ ಹಚ್ಚು ಅಂದರು ಇನ್ನೊಬ್ಬರು. ಕೊರಳಿಗೆ ಪಟ್ಟಿ ಕಟ್ಟಿಸು, ಸೋಲಾರ್ ತಂತಿ ಎಳೆಸು, ಕಬ್ಬಿಣದ ಪೈಪು ಹಾಕಿಸು ಅಂದವರೂ ಇದ್ದರು. ಇವುಗಳಲ್ಲಿ ಮುಕ್ಕಾಲು ಪಾಲು ನಾನೇ ಮಾಡಿ ನೋಡಿದ್ದೇನೆ, ಕೆಲವನ್ನು ತಪ್ಪು ಕ್ರಮದಲ್ಲಿ. ಕ್ರಮ ಸರಿಯಾಗಿದ್ದರೆ ಅರ್ಧ ಖರ್ಚು ಉಳಿಯುತ್ತಿತ್ತು.

ಮೊದಲು ಒಂದು ಗಂಟೆ ಸುಮ್ನೆ ನಿಂತು ನೋಡಿ

ಹೊರಗಿನಿಂದ ಒಂದೇ ಥರ ಕಾಣುವ ಎರಡು ಬೇರೆ ಬೇರೆ ಅಭ್ಯಾಸಗಳಿವೆ. ಮದ್ದು ಕೂಡ ಬೇರೆ ಬೇರೆ.

ಒಂದು, ಮರ ಅಗಿಯುವುದು. ಕುದುರೆ ಗಳವನ್ನು ಹಲ್ಲಿನಿಂದ ಕೆರೆಯುತ್ತದೆ, ಚಕ್ಕೆ ಎಬ್ಬಿಸುತ್ತದೆ, ಜಗಿಯುತ್ತದೆ. ಕೆಳಗೆ ನೆಲದ ಮೇಲೆ ಸಿಬಿರು ಬಿದ್ದಿರುತ್ತದೆ. ನಮ್ಮ ಚುಕ್ಕಿಯದು ಇದೇ.

ಇನ್ನೊಂದು, ಗಾಳಿ ಕುಡಿಯುವುದು. ರೇಸ್ ಮಂದಿ ಕ್ರಿಬ್ಬಿಂಗ್ ಅನ್ನುತ್ತಾರೆ. ಕುದುರೆ ಮುಂಬಲ್ಲನ್ನು ಬಾಗಿಲಿನ ಅಂಚಿಗೋ ಗಳಕ್ಕೋ ಊರಿ, ಕುತ್ತಿಗೆ ಬಿಲ್ಲಿನಂತೆ ಬಗ್ಗಿಸಿ, ಹಿಂದಕ್ಕೆ ಜಗ್ಗಿ 'ಹುಕ್' ಎಂದು ಸದ್ದು ಮಾಡುತ್ತದೆ. ಮರ ತಿನ್ನುವುದಿಲ್ಲ. ಅದಕ್ಕೆ ಬೇಕಿರುವುದು ಹಲ್ಲು ಊರಲು ಒಂದು ಜಾಗ ಅಷ್ಟೇ. ಅಲ್ಲಿ ಮರ ನಯವಾಗಿ ಸವೆದಿರುತ್ತದೆ, ಚಕ್ಕೆ ಕಡಿಮೆ. ಮುಂಬಲ್ಲುಗಳೂ ಓರೆಯಾಗಿ ಸವೆದಿರುತ್ತವೆ. ರಾಜ ಈ ಗುಂಪಿನವನು. ಬರುವಾಗಲೇ ಈ ಅಭ್ಯಾಸ ಕಟ್ಟಿಕೊಂಡು ಬಂದಿದ್ದ.

ಅಗಿಯುವ ಕುದುರೆಯನ್ನು ಹೆಚ್ಚು ಕಡಿಮೆ ಪೂರ್ತಿ ಬಿಡಿಸಬಹುದು. ಗಾಳಿ ಕುಡಿಯುವ ಅಭ್ಯಾಸ ಒಮ್ಮೆ ಕೂತುಬಿಟ್ಟರೆ ಹೋಗುವುದು ಬಹಳ ಅಪರೂಪ. ಕಡಿಮೆ ಮಾಡಬಹುದು, ಅಷ್ಟಕ್ಕೇ ಸಮಾಧಾನ ಪಡಬೇಕು. ಇದು ಗೊತ್ತಿಲ್ಲದೆ ರಾಜನ ಬಾಗಿಲಿಗೆ ನಾನು ಎರಡು ಸಲ ಖಾರ ಬಳಿದೆ.

ಹುಲ್ಲು: ಮೊದಲ ರೂಪಾಯಿ ಇಲ್ಲಿಗೆ

ಕುದುರೆಯ ಹೊಟ್ಟೆ ಹಸುವಿನ ಹೊಟ್ಟೆಯಂತಲ್ಲ. ಹಸು ಗಬಗಬ ತಿಂದು ಆಮೇಲೆ ಮಲಗಿ ಮೆಲುಕು ಹಾಕುತ್ತದೆ. ಕುದುರೆಗೆ ಆ ಸೌಕರ್ಯ ಇಲ್ಲ. ಬಯಲಿಗೆ ಬಿಟ್ಟರೆ ದಿನಕ್ಕೆ 14ರಿಂದ 18 ಗಂಟೆ ಮೇಯುತ್ತಲೇ ಇರುತ್ತದೆ. ಅದರ ಜಠರದಲ್ಲಿ ಆಮ್ಲ ದಿನವಿಡೀ ಒಸರುತ್ತದೆ, ತಿಂದರೂ ತಿನ್ನದಿದ್ದರೂ. ಆ ಆಮ್ಲವನ್ನು ತಣಿಸುವ ಜೊಲ್ಲು ಬರುವುದು ಮಾತ್ರ ಅಗಿಯುವಾಗ. ಗೋದಲಿ ಖಾಲಿಯಾದರೆ ಅಗಿಯಲು ಏನಾದರೂ ಬೇಕಲ್ಲ? ಗಳ ಕಣ್ಣಮುಂದೆಯೇ ಇದೆ.

ಲೆಕ್ಕ ಹೀಗೆ. ಕುದುರೆಯ ತೂಕದ ನೂರಕ್ಕೆ ಒಂದೂವರೆಯಿಂದ ಎರಡರಷ್ಟು ಒಣ ಮೇವು ದಿನಕ್ಕೆ ಬೇಕು. 400 ಕೆಜಿ ಕುದುರೆಗೆ 6ರಿಂದ 8 ಕೆಜಿ. ಇದು ನೀರಿನಂಶ ಕಳೆದ ತೂಕ. ಹಸಿ ಹುಲ್ಲಿನಲ್ಲಿ ಮುಕ್ಕಾಲಿಗಿಂತ ಜಾಸ್ತಿ ನೀರೇ ಇರುತ್ತದೆ. ಬರೀ ಹಸಿ ಹುಲ್ಲಿನಲ್ಲಿ ತೂಗಿಸುವುದಾದರೆ 30, 35 ಕೆಜಿ ಬೇಕಾಗುತ್ತದೆ. "ಒಂದು ಹೊರೆ ಹಾಕಿದೀವಲ್ಲ ಸಾರ್" ಅನ್ನುವ ಮಾತು ಕೇಳಿದರೆ ತಕ್ಕಡಿ ತನ್ನಿ. ನಾನು ತೂಗಿದಾಗ ನಮ್ಮ ಹೊರೆ 12 ಕೆಜಿ ಇತ್ತು.

ಯಾವ ಹುಲ್ಲು ಅನ್ನುವುದೂ ಮುಖ್ಯ. ಗರಿಕೆ ಸಿಕ್ಕಿದರೆ ಬೇರೆ ಯೋಚನೆ ಬೇಡ. ಗಣಪತಿಗಷ್ಟೇ ಅಲ್ಲ, ಕುದುರೆಗೂ ಅದು ಪ್ರೀತಿ. ಒಣಗಿಸಿಯೂ ಇಡಬಹುದು. ರಾಗಿ ಹುಲ್ಲು ನಮ್ಮ ಕಡೆ ಸುಲಭವಾಗಿ ಸಿಗುತ್ತದೆ. ಸತ್ವ ಕಡಿಮೆ, ಆದರೆ ರಾತ್ರಿಯಿಡೀ ಅಗಿಯಲು ಒಳ್ಳೆಯದು. ಭತ್ತದ ಹುಲ್ಲನ್ನು ನಾನು ಕೊನೆಗೆ ಇಡುತ್ತೇನೆ. ಒರಟು, ಸಪ್ಪೆ. ಕುದುರೆ ನೀರು ಕಡಿಮೆ ಕುಡಿದ ದಿನ ಕರುಳಲ್ಲಿ ಕಟ್ಟಿಕೊಂಡು ಶೂಲೆ ತರಿಸುವ ಭಯ ಇದೆ.

ಹಸು ಸಾಕುವವರೆಲ್ಲ ನೆಚ್ಚಿಕೊಂಡಿರುವ ನೇಪಿಯರ್ ಹುಲ್ಲಿನಲ್ಲಿ ಆಕ್ಸಲೇಟ್ ಇರುತ್ತದೆ. ಅದು ಮೇವಿನ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ. ಹಸುವಿನ ಹೊಟ್ಟೆ ಅದನ್ನು ಬಹಳಮಟ್ಟಿಗೆ ಕರಗಿಸಿಕೊಳ್ಳುತ್ತದೆ, ಕುದುರೆಯದು ಹಾಗಲ್ಲ. ಅದರ ಮೇಲೆ ದಿನಾ ಬೂಸಾ ಸುರಿದರೆ ರಂಜಕ ಹೆಚ್ಚಿ ಮೂಳೆಗೆ ಇನ್ನಷ್ಟು ಪೆಟ್ಟು. ಹಾಗಾಗಿ ನೇಪಿಯರ್ ಜೊತೆಗೆ ಬೇರೆ ಹುಲ್ಲು ಬೆರೆಸಿ. ದಿನಕ್ಕೆ ಒಂದೆರಡು ಕೆಜಿ ಒಣ ಕುದುರೆ ಮಸಾಲೆ ಸೊಪ್ಪು (ಲೂಸರ್ನ್) ಕೊಡಿ. ಹೆಸರಲ್ಲೇ ಕುದುರೆ ಇದೆ! ಕ್ಯಾಲ್ಸಿಯಂ ಜಾಸ್ತಿ, ಹೊಟ್ಟೆಯ ಆಮ್ಲವನ್ನೂ ತಣಿಸುತ್ತದೆ. ಅದನ್ನೊಂದೇ ಮೇವು ಮಾಡಬೇಡಿ, ಅಷ್ಟೇ. ಹುರುಳಿ, ಓಟ್ಸ್ ಹೆಚ್ಚಿಸಿ ಹುಲ್ಲು ಕಡಿಮೆ ಮಾಡುವುದು ಎಲ್ಲಕ್ಕಿಂತ ಕೆಟ್ಟ ಉಳಿತಾಯ. ಕಾಳು ಹತ್ತು ನಿಮಿಷಕ್ಕೆ ಮುಗಿಯುತ್ತದೆ. ಉಳಿದ ಹೊತ್ತು ಬಾಯಿಗೆ ಕೆಲಸ ಬೇಡವೇ?

ನಮ್ಮ ತಪ್ಪು ಇದ್ದದ್ದು ಹೊತ್ತಿನಲ್ಲಿ. ಸಂಜೆ ಆರಕ್ಕೆ ಕೊನೆಯ ಮೇವು ಹಾಕಿ ಆಳುಗಳು ಮನೆಗೆ ಹೋಗುತ್ತಿದ್ದರು. ಒಂಬತ್ತಕ್ಕೆಲ್ಲ ಗೋದಲಿ ಖಾಲಿ. ಬೆಳಿಗ್ಗೆ ಆರರವರೆಗೆ ಒಂಬತ್ತು ಗಂಟೆ ಉಪವಾಸ. ಬೇಲಿ ಹೋಗುತ್ತಿದ್ದದ್ದು ಆಗಲೇ. ಹಗಲು ನೋಡಿದರೆ ಎರಡೂ ಸಾಧುಗಳು. ಈಗ ರಾತ್ರಿ ಹತ್ತಕ್ಕೆ ರಾಗಿ ಹುಲ್ಲು ತುಂಬಿದ ಬಲೆ ಕಟ್ಟುತ್ತೇವೆ. ಸಣ್ಣ ಕಣ್ಣಿನ ಬಲೆ, 3ರಿಂದ 4 ಸೆಂಟಿಮೀಟರ್. ಎಳೆ ಎಳೆಯಾಗಿ ಕಿತ್ತು ತಿನ್ನಬೇಕು, ಅಷ್ಟೇ ಹುಲ್ಲು ತುಂಬಾ ಹೊತ್ತು ಬರುತ್ತದೆ. ಲಾಳ ಹೊಡೆಸಿದ ಕುದುರೆಯಾದರೆ ಬಲೆಯನ್ನು ಎದೆಯ ಮಟ್ಟಕ್ಕಿಂತ ಮೇಲೆ ಕಟ್ಟಿ. ಲಾಳ ಸಿಕ್ಕಿಕೊಂಡರೆ ಕಾಲು ಮುರಿಯುವವರೆಗೂ ಒದ್ದಾಡುತ್ತದೆ. ಜೊತೆಗೆ ಉಪ್ಪು. ದಿನಕ್ಕೆ 30 ಗ್ರಾಂ ಆಸುಪಾಸು ಸಾಕು, ಬೇಸಿಗೆಯಲ್ಲಿ ಬೆವರಿದರೆ ಜಾಸ್ತಿ. ದೊಡ್ಡ ಕಲ್ಲುಪ್ಪಿನ ಗಟ್ಟಿ ಕಟ್ಟಿದರೂ ನಡೆಯುತ್ತದೆ.

ಇಷ್ಟು ಮಾಡಿದ ಮೂರೇ ವಾರಕ್ಕೆ ಚುಕ್ಕಿ ಅಗಿಯುವುದು ಅರ್ಧಕ್ಕಿಂತ ಕಡಿಮೆಯಾಯಿತು. ಅಷ್ಟರಲ್ಲಿ ನಾನು ತಂತಿಗೆ ಆರ್ಡರ್ ಕೊಟ್ಟಾಗಿತ್ತು!

ಕಡಿಯಲೆಂದೇ ಒಂದು ಕಡ್ಡಿ

ಮರ ಅಗಿಯುವುದು ಕುದುರೆಗೆ ಪೂರ್ತಿ ಅಸಹಜ ಏನಲ್ಲ. ಬಯಲಲ್ಲಿದ್ದರೂ ತೊಗಟೆ, ಕಡ್ಡಿ ಕಡಿಯುತ್ತದೆ. ಬೇಲಿಯ ಬದಲು ಬೇರೆ ಮರ ಕೊಟ್ಟರೆ ಆಯಿತು. ನಮ್ಮ ರಾಮನಗರ, ಕನಕಪುರ ಸೀಮೆಯಲ್ಲಿ ಇದಕ್ಕೆ ಪುಕ್ಕಟೆ ದಾರಿ ಇದೆ: ಹಿಪ್ಪುನೇರಳೆ ಕಡ್ಡಿ. ರೇಷ್ಮೆ ಬೆಳೆಯುವವರು ಕೊಂಬೆಗಟ್ಟಲೆ ಕತ್ತರಿಸುತ್ತಾರೆ. ಅವರ ತೋಟಕ್ಕೆ ಕೀಟನಾಶಕ ಹೊಡೆಯುವುದಕ್ಕೂ ಕೈ ನಡುಗುತ್ತದೆ, ಹುಳು ಸತ್ತರೆ ಬೆಳೆಯೇ ಹೋಯಿತು. ಆದರೆ ಹುಳು ಮೇಯ್ದು ಬಿಟ್ಟ ಕಡ್ಡಿ ತರಬೇಡಿ. ಹುಳುವಿನ ಹಾಸಿಗೆಗೆ ಸುಣ್ಣ, ರೋಗನಾಶಕ ಪುಡಿ ಎಲ್ಲ ಉದುರಿಸಿರುತ್ತಾರೆ. ತೋಟದಿಂದ ನೇರ ಕತ್ತರಿಸಿದ್ದು ಕೇಳಿ.

ಕೊಡಬಾರದ್ದು: ಕಣಗಿಲೆ. ಒಂದು ಹಿಡಿ ಎಲೆ ಸಾಕು, ಕುದುರೆ ಬದುಕುವುದು ಕಷ್ಟ. ಚಂದ ಕಾಣುತ್ತದೆ ಅಂತ ಫಾರ್ಮ್‌ಹೌಸ್ ಬೇಲಿಯುದ್ದಕ್ಕೂ ಇದನ್ನೇ ನೆಟ್ಟಿರುತ್ತಾರೆ. ಹರಳು, ಜತ್ರೋಫ, ಲಂಟಾನ ಕೂಡ ಬೇಡ. ಬಟರ್‌ಫ್ರೂಟ್ ಮರ ಇದ್ದರೆ ಅದರ ಹತ್ತಿರ ಬಿಡಬೇಡಿ.

ಕರೆಂಟ್ ತಂತಿ

ಬೇಲಿ ಉಳಿಸುವುದರಲ್ಲಿ ಇದನ್ನು ಮೀರಿಸುವುದು ಇಲ್ಲ. ಇರುವ ಬೇಲಿಯ ಮೇಲಿನ ಗಳದ ಒಳಬದಿಗೆ, ಒಂದು ಗೇಣು ಮುಂದಕ್ಕೆ ಚಾಚಿದ ಇನ್ಸುಲೇಟರ್ ಹಾಕಿ ಒಂದೇ ಒಂದು ಸಾಲು ಎಳೆದರೆ ಸಾಕು. ಕುದುರೆ ಮೂಗು ಚಾಚುತ್ತದೆ, ಒಮ್ಮೆ ಚುರ್ ಅನ್ನಿಸಿಕೊಳ್ಳುತ್ತದೆ, ಮತ್ತೆ ಹತ್ತಿರ ಬರುವುದಿಲ್ಲ. ಚುಕ್ಕಿಗೆ ಎರಡು ಸಲ ಸಾಕಾಯಿತು.

ಸಪೂರ ತಂತಿಗಿಂತ ಕರೆಂಟ್ ಹರಿಯುವ ಅಗಲದ ಪಟ್ಟಿ ಒಳ್ಳೆಯದು. ಕುದುರೆ ಓಡುವ ಪ್ರಾಣಿ. ಕಾಣದ ತಂತಿಗೆ ಓಡಿಬಂದು ನುಗ್ಗಿದರೆ ಚರ್ಮ ಸೀಳುತ್ತದೆ. ಬಿಳಿ ಪಟ್ಟಿ ದೂರದಿಂದಲೇ ಕಾಣುತ್ತದೆ. ಮುಳ್ಳುತಂತಿ ಇದ್ದರೆ ಇವತ್ತೇ ಕೀಳಿಸಿ. ಮರ ಉಳಿಸಲು ಹೋಗಿ ಕುದುರೆ ಕಳೆದುಕೊಂಡವರಿದ್ದಾರೆ.

ಎನರ್ಜೈಸರ್ ಪೆಟ್ಟಿಗೆ ಸೆಕೆಂಡಿಗೊಂದರಂತೆ ಕ್ಷಣಮಾತ್ರದ ಹೊಡೆತ ಕಳಿಸುತ್ತದೆ. ಪಟ್ಟಿಯಲ್ಲಿ 3,000 ವೋಲ್ಟ್‌ಗಿಂತ ಕೆಳಗಿಳಿದರೆ ಕುದುರೆ ಲೆಕ್ಕಕ್ಕೇ ಇಡುವುದಿಲ್ಲ. ನಮ್ಮ ಕಡೆ ಕೈಕೊಡುವುದು ಅರ್ಥಿಂಗ್. ಮಾರ್ಚ್, ಏಪ್ರಿಲ್‌ನಲ್ಲಿ ಕೆಂಪು ಮಣ್ಣು ಒಣಗಿ ಬಿರುಕು ಬಿಟ್ಟಾಗ ಅರ್ಥ್ ಸಲಾಕೆ ಇದ್ದರೂ ಇಲ್ಲದ ಹಾಗೆ. ಸಲಾಕೆ ಎರಡು ಮೂರು ಹಾಕಿ, ವಾರಕ್ಕೆರಡು ಸಲ ಕೊಡ ನೀರು ಸುರಿಯಿರಿ. ಮಳೆಗಾಲದಲ್ಲಿ ತೊಂದರೆ ಉಲ್ಟಾ. ಬೆಳೆದ ಹುಲ್ಲು ಪಟ್ಟಿಗೆ ತಾಗಿ ಕರೆಂಟ್ ನೆಲಕ್ಕೆ ಹರಿದುಹೋಗುತ್ತದೆ. ಆನೆಗೆ ಸೋಲಾರ್ ಬೇಲಿ ಹಾಕಿರುವ ರೈತರನ್ನು ಕೇಳಿದರೆ ಇದೇ ಕಥೆ ಹೇಳುತ್ತಾರೆ. ಮನೆಯ ಲೈನಿನಿಂದ ನೇರ ಕರೆಂಟ್ ಕೊಡುವ ಯೋಚನೆ ಮಾತ್ರ ಕನಸಲ್ಲೂ ಬೇಡ. ಕುದುರೆ, ದನ, ಮನುಷ್ಯ, ಯಾರು ಮುಟ್ಟಿದರೂ ಸಾವು. ಅದು ಅಪರಾಧ ಕೂಡ.

ಇದರ ಕೊರತೆ ಒಂದೇ, ಆದರೆ ದೊಡ್ಡದು. ತಂತಿ ಬೇಲಿಯನ್ನು ಉಳಿಸುತ್ತದೆ, ಅಗಿಯುವ ಆಸೆಯನ್ನು ಕಳೆಯುವುದಿಲ್ಲ. ಹುಲ್ಲು ಸರಿಮಾಡುವ ಮೊದಲೇ ಪಟ್ಟಿ ಎಳೆದವರು ಹೇಳುತ್ತಾರೆ: ಬೇಲಿ ಬಿಟ್ಟಿತು, ಹಲಸಿನ ಮರದ ತೊಗಟೆ ಹಿಡಿಯಿತು. ಸುತ್ತ ತೊಗಟೆ ಹೋದ ಮರ ಒಣಗುತ್ತದೆ. ಲಾಯದ ಒಳಗಂತೂ ತಂತಿ ಹಾಕಬಾರದು. ಇಕ್ಕಟ್ಟಿನಲ್ಲಿ ಹೊಡೆತ ತಪ್ಪಿಸಿಕೊಳ್ಳಲು ಅದಕ್ಕೆ ಜಾಗವೇ ಇರುವುದಿಲ್ಲ.

ಕಬ್ಬಿಣ, ಕಲ್ಲು

ಲಾಯದ ಒಳಗೆ ಇದೇ ದಾರಿ. ಬಾಗಿಲಿನ ಮೇಲಂಚು, ಗೋದಲಿಯ ಬಾಯಿ, ಕಿಟಕಿಯ ಚೌಕಟ್ಟು, ಇಷ್ಟಕ್ಕೆ ಎಲ್ ಆಕಾರದ ಪಟ್ಟಿ ಹೊಡೆಸಿ. ತುದಿಗಳನ್ನು ಅರದಿಂದ ಉಜ್ಜಿಸಿ, ಮೊಳೆಯ ತಲೆ ಒಳಗೆ ಹೋಗಿರಬೇಕು. ತೆಳು ತಗಡು ಬೇಡ. ಎದ್ದು ಬಂದರೆ ತುಟಿ ಕುಯ್ಯುತ್ತದೆ.

ಹೊಸದಾಗಿ ಬೇಲಿ ಕಟ್ಟುವವರು ಮರದ ಆಸೆ ಬಿಡಿ. ನೀಲಗಿರಿಯಾಗಲಿ ಸರ್ವೆಯಾಗಲಿ ಗೆದ್ದಲಿಗೆ ಅರ್ಧ, ಕುದುರೆಗೆ ಅರ್ಧ. ಬಿದಿರು ಸೀಳಿದರೆ ಚಾಕುವೇ. ಕಲ್ಲುಕಂಬಕ್ಕೆ ತೂತು ಹೊಡೆಸಿ ಜಿಐ ಪೈಪು ತೂರಿಸಿದರೆ ಮೊದಲ ಖರ್ಚು ಜಾಸ್ತಿ, ಆಮೇಲೆ ಮರೆತುಬಿಡಬಹುದು. ಸೀಳುಕಲ್ಲಿನ ಅಂಚು ಚೂಪಾಗಿದ್ದರೆ ಸುತ್ತಿಗೆಯಲ್ಲಿ ಮುರಿಸಿಕೊಳ್ಳಿ. ಕುದುರೆ ಮೈ ಉಜ್ಜಿಕೊಳ್ಳುತ್ತದೆ.

ಗಾಳಿ ಕುಡಿಯುವ ಕುದುರೆಗೆ ಮಾತ್ರ ಕಬ್ಬಿಣ ಉಪಕಾರಕ್ಕಿಂತ ಅಪಕಾರ. ಅದು ಪೈಪಿಗೂ ಹಲ್ಲು ಊರುತ್ತದೆ, ಹಲ್ಲು ಮರಕ್ಕಿಂತ ಬೇಗ ಸವೆಯುತ್ತದೆ.

ಖಾರ, ಕಹಿ, ಆಯಿಲ್

ಅಗ್ಗ ಅನ್ನುವುದಕ್ಕೇ ಎಲ್ಲರೂ ಇಲ್ಲಿಂದ ಶುರು ಮಾಡುತ್ತಾರೆ. ನಾನೂ ಮಾಡಿದೆ. ಮನೆಯಲ್ಲಿದ್ದ ಬ್ಯಾಡಗಿ ಪುಡಿಯನ್ನು ಎಣ್ಣೆಯಲ್ಲಿ ಕಲಸಿ ಬಳಿದೆ. ಬ್ಯಾಡಗಿ ಕೊಡುವುದು ಬಣ್ಣ, ಖಾರ ಅಷ್ಟಕ್ಕಷ್ಟೇ. ಕೆಂಪು ಮೂತಿ ಹೊತ್ತ ಚುಕ್ಕಿ ಮದುವೆ ಮನೆಯ ಕುದುರೆಯಂತೆ ಕಂಡಳು. ಗುಂಟೂರು ತಂದು ಬಳಿದಾಗ ನಾಲ್ಕು ದಿನ ಬಿಟ್ಟಳು, ಐದನೆಯ ದಿನ ಮಳೆ ತೊಳೆಯಿತು. ಬಳಿದ ಕೈಯನ್ನು ನಾನೇ ಕಣ್ಣಿಗೆ ಒರೆಸಿಕೊಂಡಿದ್ದು ಬೇರೆ ಮಾತು.

ಅಂಗಡಿಯಲ್ಲಿ ಸಿಗುವ ಕಹಿ ಸ್ಪ್ರೇಗಳೂ ಇದೇ ಜಾತಿ. ಒಣ ದಿನಗಳಲ್ಲಿ, ಒಂದೆರಡು ಜಾಗಕ್ಕೆ, ಹೊಸ ಬಾಗಿಲು ಉಳಿಸಲು ಪರವಾಗಿಲ್ಲ. ನೂರಾರು ಅಡಿ ಬೇಲಿಗೆ ವಾರ ವಾರ ಬಳಿಯುವುದು ಆಗುವ ಮಾತಲ್ಲ. ಸ್ಪರ್ಧೆಗೆ ಹೋಗುವ ಕುದುರೆಯಾದರೆ ಖಾರದ ಹತ್ತಿರವೂ ಹೋಗಬೇಡಿ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಅಂತರರಾಷ್ಟ್ರೀಯ ಕುದುರೆ ಸ್ಪರ್ಧೆಗಳಲ್ಲಿ ನಿಷೇಧಿತ. 2008ರ ಬೀಜಿಂಗ್ ಒಲಿಂಪಿಕ್ಸ್‌ನ ಕುದುರೆ ಸ್ಪರ್ಧೆಗಳು ಹಾಂಗ್‌ಕಾಂಗ್‌ನಲ್ಲಿ ನಡೆದಾಗ ನಾಲ್ಕು ಜಿಗಿತದ ಕುದುರೆಗಳು ಇದೇ ಕಾರಣಕ್ಕೆ ಸಿಕ್ಕಿಬಿದ್ದವು.

ಸುಟ್ಟ ಎಂಜಿನ್ ಆಯಿಲ್, ಟಾರು, ಮರ ಕೊಳೆಯದಂತೆ ಬಳಿಯುವ ಕ್ರಿಯೋಸೋಟ್ ಇವು ಆಯ್ಕೆಗಳೇ ಅಲ್ಲ. ವಿಷ. ನೆಕ್ಕಿದರೆ ಹೊಟ್ಟೆಗೆ, ತಾಗಿದರೆ ಚರ್ಮಕ್ಕೆ. ಗೆದ್ದಲು ಹಿಡಿಯದಂತೆ ಔಷಧಿ ಹಾಕಿಸಿದ ಹಸಿರು ಛಾಯೆಯ ಕಂಬಗಳಲ್ಲಿ ತಾಮ್ರ, ಕ್ರೋಮಿಯಂ ಜೊತೆಗೆ ಆರ್ಸೆನಿಕ್ ಇರಬಹುದು. ಅಗಿಯುವ ಕುದುರೆ ಇರುವಲ್ಲಿ ಅವನ್ನೂ ದೂರ ಇಡಿ. ಹಳೆಯ ಬಂಗಲೆಯ ಪೇಂಟ್ ಬಳಿದ ಬಾಗಿಲು ತಂದು ಲಾಯಕ್ಕೆ ಹಾಕುವವರೂ ಇದ್ದಾರೆ. ಅದರಲ್ಲಿ ಸೀಸ ಇದ್ದರೆ?

ಕೊರಳಪಟ್ಟಿ

ಇದು ಗಾಳಿ ಕುಡಿಯುವ ಕುದುರೆಗಷ್ಟೇ. ಮರ ಅಗಿಯುವುದಕ್ಕೆ ಇದರಿಂದ ಏನೂ ಆಗುವುದಿಲ್ಲ. ಗಂಟಲ ಹತ್ತಿರ ಬಿಗಿಯಾಗಿ ಕೂತು ಕುತ್ತಿಗೆ ಬಗ್ಗಿಸಿದಾಗ ಒತ್ತುತ್ತದೆ. ಕಟ್ಟಿರುವಷ್ಟು ಹೊತ್ತು ಕೆಲಸ ಮಾಡುತ್ತದೆ, ಬಿಚ್ಚಿದ ದಿನ ಕುದುರೆ ಬಾಕಿಯನ್ನೂ ಸೇರಿಸಿ ತೀರಿಸುತ್ತದೆ. ಸಡಿಲ ಕಟ್ಟಿದರೆ ವ್ಯರ್ಥ, ಬಿಗಿ ಕಟ್ಟಿದರೆ ಹುಣ್ಣು. ರಾಜನಿಗೆ ಒಂದು ತಿಂಗಳು ಕಟ್ಟಿ ತೆಗೆದೆ. ಅವನ ಕಣ್ಣು ನೋಡಲಾಗಲಿಲ್ಲ. ಕುತ್ತಿಗೆಯ ಸ್ನಾಯು, ನರ ಕತ್ತರಿಸುವ ಆಪರೇಷನ್ ಕೂಡ ಇದೆ. ಅದು ಕೊನೆಯ ಮಾತು.

ಹಾಗೆಂದು ಗಾಳಿ ಕುಡಿಯುವುದನ್ನು ಹಗುರ ಮಾಡಬೇಡಿ. ಇಂಥ ಕುದುರೆಗಳಲ್ಲಿ ಸಣ್ಣಕರುಳು ಹೊಟ್ಟೆಯೊಳಗಿನ ಕಿರಿದಾದ ಸಂದಿಯಲ್ಲಿ ಸಿಕ್ಕಿಕೊಳ್ಳುವ ಒಂದು ಬಗೆಯ ಶೂಲೆ ಹೆಚ್ಚು ಕಾಣುತ್ತದೆ. ಜಠರದ ಹುಣ್ಣಿಗೂ ಇದಕ್ಕೂ ನಂಟಿದೆ. ಹಾಗಾಗಿ ಪಟ್ಟಿಗೆ ಕೊಡುವ ದುಡ್ಡನ್ನು ಮೊದಲು ಪಶುವೈದ್ಯರಿಗೆ ಕೊಡಿ. ಹುಣ್ಣು ಇದ್ದರೆ ಔಷಧಿ ಇದೆ. ಹಲ್ಲನ್ನೂ ನೋಡಿಸಿ. ರಾಜನಿಗೆ ಈಗ ಒಂದು ಮೂಲೆಯಲ್ಲಿ ದಪ್ಪ ರಬ್ಬರ್ ಸುತ್ತಿದ ಅಡ್ಡಪಟ್ಟಿ ಬಿಟ್ಟುಕೊಟ್ಟಿದ್ದೇವೆ. ಅದು ಅವನ ಜಾಗ.

"ಒಂದು ನೋಡಿ ಇನ್ನೊಂದು ಕಲಿಯುತ್ತೆ, ದೂರ ಕಟ್ಟಿ" ಅಂತ ಕುದುರೆ ನೋಡಿಕೊಳ್ಳುವ ನಮ್ಮ ಸಾಯಿಸ್ ಹಟ ಹಿಡಿದಿದ್ದ. 2009ರಲ್ಲಿ ಪ್ರಕಟವಾದ ಅಮೆರಿಕದ ಒಂದು ಸಮೀಕ್ಷೆಯಲ್ಲಿ ಮಾಲೀಕರ ಪೈಕಿ ಅರ್ಧದಷ್ಟು ಜನ ಹೀಗೇ ನಂಬಿದ್ದರು. ಆದರೆ ಗಾಳಿ ಕುಡಿಯುವ ಕುದುರೆಯ ಸಹವಾಸವಾದ ಮೇಲೆ ಅಭ್ಯಾಸ ಹಿಡಿದ ಕುದುರೆ ನೂರಕ್ಕೆ ಒಂದು. ಅದೇ ಸಮೀಕ್ಷೆಯಲ್ಲಿ ಥರೋಬ್ರೆಡ್‌ಗಳಲ್ಲಿ ನೂರಕ್ಕೆ 13ರಷ್ಟು ಕುದುರೆಗಳಿಗೆ ಈ ಅಭ್ಯಾಸವಿತ್ತು, ಎಲ್ಲ ತಳಿ ಸೇರಿಸಿದರೆ ನಾಲ್ಕು ಚಿಲ್ಲರೆ. ತಳಿ, ಬಾಲ್ಯದ ಮೇವು, ಒಂಟಿತನ ಇವುಗಳ ಮುಂದೆ ಪಕ್ಕದವನ ಪ್ರಭಾವ ಏನೇನೂ ಅಲ್ಲ. ದೂರ ಕಟ್ಟಿದರೆ ಒಂಟಿತನ ಇನ್ನೂ ಜಾಸ್ತಿ, ಅಲ್ವಾ? ಹಗಲು ಇಬ್ಬರನ್ನೂ ಜೊತೆಗೇ ಬಯಲಿಗೆ ಬಿಡುತ್ತೇವೆ. ಅದಕ್ಕೆ ಖರ್ಚೇ ಇಲ್ಲ.

ನಿಮ್ಮ ಪಾಡು ಯಾವುದು?

ಬಾಡಿಗೆ ಲಾಯದಲ್ಲಿ ಕುದುರೆ ಇಟ್ಟವರು ಬೇಲಿ, ಬಾಗಿಲು ಮುಟ್ಟುವ ಹಾಗಿಲ್ಲ. ನಿಮ್ಮ ಕೈಲಿರುವುದು ಬಲೆ ಮತ್ತು ಹೊತ್ತು. ರಾತ್ರಿಯ ಮೇವಿಗೆ ಸ್ವಲ್ಪ ಜಾಸ್ತಿ ಕೊಟ್ಟು ಒಪ್ಪಿಸಿ, ಸ್ಪ್ರೇ ಒಂದು ಬಾಟಲಿ ಇಟ್ಟುಕೊಳ್ಳಿ. ಸ್ವಂತ ಜಾಗ, ಮರದ ಬೇಲಿ ಈಗಾಗಲೇ ಇದೆ ಅನ್ನುವವರು ಹುಲ್ಲು ತೂಗಿ, ಮೂರು ವಾರ ಕಾದು, ಉಳಿದ ಚಟಕ್ಕೆ ಒಂದು ಸಾಲು ಪಟ್ಟಿ ಎಳೆಯಿರಿ. ಹೊಸ ಜಾಗವಾದರೆ ಕಲ್ಲು, ಪೈಪು. ಮರಿ ಸಾಕುವವರು ಹಾಲು ಬಿಡಿಸಿದ ಹೊಸದರಲ್ಲಿ ಕಾಳು ತುಂಬಬೇಡಿ. ಬ್ರಿಟನ್‌ನಲ್ಲಿ 225 ಮರಿಗಳನ್ನು ನಾಲ್ಕು ವರ್ಷ ಗಮನಿಸಿದ ಅಧ್ಯಯನದಲ್ಲಿ ಹಾಲು ಬಿಟ್ಟ ಮೇಲೆ ಕಾಳು ತಿಂದ ಮರಿಗಳಿಗೆ ಗಾಳಿ ಕುಡಿಯುವ ಚಟ ಹಿಡಿಯುವ ಸಂಭವ ನಾಲ್ಕು ಪಟ್ಟು ಕಂಡಿತ್ತು. ಇದ್ದಕ್ಕಿದ್ದಂತೆ ಅಗಿಯಲು ಶುರುಮಾಡಿದ, ಮೈ ಇಳಿದ, ಮಣ್ಣು ನೆಕ್ಕುವ ಕುದುರೆಯಾದರೆ ಈ ಯಾವುದನ್ನೂ ಕೊಳ್ಳುವ ಮೊದಲು ಡಾಕ್ಟರನ್ನು ಕರೆಸಿ.

ನಮ್ಮಲ್ಲಿ ಹಳೆಯ ಗಳಗಳಲ್ಲಿ ಒಂದನ್ನು ಮಾತ್ರ ಬದಲಿಸಿಲ್ಲ, ಪಟ್ಟಿಯನ್ನೂ ಅದರ ಮುಂದೆ ಎಳೆದಿಲ್ಲ. ಜಿಟಿಜಿಟಿ ಮಳೆ ಹಿಡಿದು ಚಳಿಯಾದರೆ ಕುದುರೆಗಳು ಮರ ಕಡಿಯುವುದು ಹೆಚ್ಚು. ಅಂಥ ದಿನ ಬೆಳಿಗ್ಗೆ ಆ ಗಳದ ಕೆಳಗೆ ನೋಡುತ್ತೇನೆ. ಹೊಸ ಸಿಬಿರು ಕಂಡರೆ ಅವತ್ತು ರಾತ್ರಿ ಚುಕ್ಕಿಗೆ ಒಂದು ಬಲೆ ಹುಲ್ಲು ಜಾಸ್ತಿ.